ಸ್ಪೇನಿನ ಲಾ ಅಲ್ಬೆರ್ಕಾ ಹಳ್ಳಿಯ ಗುಡ್ಡೆ ಕಾಡಲ್ಲಿ ಓಡ್ಲಿಕ್ಕೆ ಏನೆಲ್ಲ ಗೊತ್ತಿರ್ಬೇಕು?

ಪೆರ್ಲದ ಓಟಗಾರ್ತಿ:

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರಿಂದ ಸ್ಪೇನಿನ ಸಾಲಮಾಂಕ ಯೂನಿವರ್ಸಿಟಿಗೆ ರಿಸರ್ಚಿಗೆ ಹೋಗ್ತಾ ಇದ್ದೇನೆ. ಅಲ್ಲಿಂದ ಸುಮಾರು 75 ಕಿ.ಮೀ. ದೂರದಲ್ಲಿ ಲಾ ಅಲ್ಬೆರ್ಕಾ ಅಂತ ಹಳ್ಳಿ ಉಂಟು, ನನ್ನ ಗೈಡ್ ಮೇಡಂ ಅವರ ಊರು ಅದೇ, ವೀಕೆಂಡಿಗೆ ಬಾ, ಮನೆಯಲ್ಲಿ ರೂಮ್ ಖಾಲಿ ಉಂಟು ಅಂತ ಈಗಲೇ ಹೇಳಿಟ್ಟಿದ್ದಾರೆ. ಸುತ್ತ ಓಕ್ ಮತ್ತೆ ಚೆಸ್ಟ್‌ನಟ್ ಕಾಡು, ಒಂದು ಬದಿಗೆ ಪೆನ್ಯಾ ದೆ ಫ್ರಾನ್ಸಿಯಾ ಶಿಖರ, ಇನ್ನೊಂದು ಬದಿಗೆ ಇಳಿದ್ರೆ ಲಾಸ್ ಬಟುವೇಕಾಸ್ ಕಣಿವೆ. ಮ್ಯಾಪ್ ತೆಗೆದು ನೋಡಿದ್ರೆ ಎಲ್ಲಿ ನೋಡಿದ್ರೂ ಕಾಲುದಾರಿ.

ಇಲ್ಲಿ ಕಾಸರಗೋಡಿನಲ್ಲಿ ನಾನು ಓಡುವುದು ಪೊಸಡಿ ಗುಂಪೆ ಗುಡ್ಡೆ ಮತ್ತೆ ಮನೆ ಹತ್ರದ ಪದವಿನ ಬಯಲಲ್ಲಿ, ಗೇರು ತೋಪಿನ ನಡುವಿನ ಮಣ್ಣು ದಾರಿ, ಮುರಕಲ್ಲು ಅಂದ್ರೆ ಕೆಂಪು ಕಲ್ಲು, ಮುಳಿಹುಲ್ಲು, ಇದೆಲ್ಲ ಕಾಲಿಗೆ ಗೊತ್ತಿರುವ ಜಾಗ. 10 ಕಿ.ಮೀ. ಸುಸ್ತಿಲ್ಲದೆ ಆಗ್ತದೆ. ಅಲ್ಲಿ ಒಬ್ಬಳೇ ಓಡ್ಬಹುದಾ, ದಾರಿ ತಪ್ಪಿದ್ರೆ ಎಂತ ಮಾಡುದು, ನಾಯಿ ಕಾಟ ಉಂಟಾ, ಇಲ್ಲಿಯ ಶೂ ಸಾಕಾ? ಅಮ್ಮ ದಿನಾ ಕೇಳ್ತಾರೆ, ನನ್ನ ಹತ್ರ ಸರಿಯಾದ ಉತ್ತರ ಇಲ್ಲ. ಅಲ್ಲಿ ಓಡಿ ಗೊತ್ತಿದ್ದವರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ, ಉದ್ದ ಆದ್ರೂ ತೊಂದ್ರೆ ಇಲ್ಲ.

ಬಿಲ್ಬಾವೋದಲ್ಲಿ ಕುಂಬ್ಳೆಯವ:

ನಾನು ಇರುವುದು ಉತ್ತರದಲ್ಲಿ ಬಾಸ್ಕ್ ಕಡೆ, ಆದ್ರೆ ನಿಮ್ಮ ಆ ಸಿಯೆರ್ರಾದಲ್ಲಿಯೂ, ಅಂದ್ರೆ ಆ ಗುಡ್ಡೆ ಸಾಲಿನಲ್ಲಿಯೂ ಓಡಿದ್ದೇನೆ, ತುಂಬಾ ಚಂದದ ಜಾಗ ಮಾರಾಯ್ರೆ, ಖಂಡಿತ ಹೋಗಿ.

ಮೊದಲು ಒಂದು ವಿಷಯ ತಲೆಯಿಂದ ತೆಗೀಬೇಕು, ಕಿಲೋಮೀಟರ್ ಲೆಕ್ಕ. ಪೊಸಡಿ ಗುಂಪೆ ಸಮುದ್ರ ಮಟ್ಟದಿಂದ ಸಾವಿರ ಅಡಿ ಚಿಲ್ಲರೆ, ಅಂದ್ರೆ ಮುನ್ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಲಾ ಅಲ್ಬೆರ್ಕಾ ಹಳ್ಳಿಯೇ ಸಾವಿರ ಮೀಟರ್ ದಾಟಿದ ಎತ್ತರದಲ್ಲಿ ಉಂಟು, ಪೆನ್ಯಾ ದೆ ಫ್ರಾನ್ಸಿಯಾ 1727 ಮೀಟರ್. ಅಂದ್ರೆ ಹಳ್ಳಿಯಿಂದ ಹೊರಟ ಮೇಲೆ ಎರಡು ಪೊಸಡಿ ಗುಂಪೆಗಿಂತ ಹೆಚ್ಚು ಏರು ಒಂದೇ ಸಲಕ್ಕೆ. ಅಲ್ಲಿ ದಾರಿ ಶುರುವಾಗುವ ಕಡೆ ಬೋರ್ಡಿನಲ್ಲಿ ಮಿಡೆ ಅಂತ ನಾಲ್ಕು ಅಂಕಿ ಹಾಕಿರ್ತಾರೆ, ಆರಗೋನ್ ಪ್ರಾಂತ್ಯದಲ್ಲಿ ಶುರುವಾದ ಪದ್ಧತಿ ಅದು, ಜಾಗದ ಅಪಾಯ ಎಷ್ಟು, ದಾರಿ ಹುಡುಕುವುದು ಎಷ್ಟು ಕಷ್ಟ, ನೆಲ ಹೇಗೆ, ಶ್ರಮ ಎಷ್ಟು ಅಂತ ಒಂದೊಂದಕ್ಕೂ 1ರಿಂದ 5. ನಡೆಯುವವರು ಗಂಟೆಗೆ 400 ಮೀಟರ್ ಏರ್ತಾರೆ, 600 ಮೀಟರ್ ಇಳೀತಾರೆ ಅಂತ ಅದರ ಲೆಕ್ಕ. ಹಾಗಾದ್ರೆ ಆ ಶಿಖರಕ್ಕೆ ಬರೀ ಏರಿಗೇ ಒಂದೂಮುಕ್ಕಾಲು ಗಂಟೆ ಹತ್ರ. ಓಡುವವರು ಇದಕ್ಕಿಂತ ಬೇಗ ಹೋಗ್ತಾರೆ, ಆದ್ರೆ ಮೊದಮೊದಲು ನಡೆಯುವವರ ಟೈಮನ್ನೇ ಇಟ್ಕೊಳ್ಳಿ, ಏರು ಬಂದಾಗ ಕೈಯನ್ನು ತೊಡೆ ಮೇಲೆ ಊರಿ ನಡೀರಿ, ಇಲ್ಲಿ ಒಳ್ಳೊಳ್ಳೆ ಓಟಗಾರರೂ ಹಾಗೇ ಮಾಡುದು. ನಮ್ಮ ಕಡೆ ಸೆಗಾಮ ಅಂತ ಒಂದು ಸಣ್ಣ ಹಳ್ಳಿ ಉಂಟು, 2002ರಿಂದ ಅಲ್ಲಿ ಗುಡ್ಡೆ ಮ್ಯಾರಥಾನ್ ಮಾಡ್ತಾರೆ, ದೂರ ಮಾಮೂಲಿ ಮ್ಯಾರಥಾನಿನದ್ದೇ, ಏರು ಮಾತ್ರ ಒಟ್ಟು 2736 ಮೀಟರ್. ಗುಡ್ಡೆ ಓಟದಲ್ಲಿ ದೊಡ್ಡ ಹೆಸರಾದ ಕಿಲಿಯನ್ ಜೋರ್ನೆಟ್‌ನಂಥವರಿಗೇ 2022ರಲ್ಲಿ ದಾಖಲೆ ಮಾಡುವಾಗ 3 ಗಂಟೆ 36 ನಿಮಿಷ ಬೇಕಾಯ್ತು. ಡಾಂಬರು ರಸ್ತೆಯಲ್ಲಾದ್ರೆ ದೊಡ್ಡ ಓಟಗಾರರು ಅಷ್ಟೇ ದೂರವನ್ನು ಎರಡು ಗಂಟೆ ಸ್ವಲ್ಪ ದಾಟುವಾಗ ಮುಗಿಸ್ತಾರೆ.

ಇನ್ನು ದಾರಿ ತಪ್ಪುವ ವಿಷಯ. ಸ್ಪೇನಿನಲ್ಲಿ ಕಲ್ಲಿಗೋ ಮರಕ್ಕೋ ಕಂಬಕ್ಕೋ ಎರಡು ಪಟ್ಟಿ ಬಣ್ಣ ಬಳಿದಿರ್ತಾರೆ. ಬಿಳಿ ಕೆಂಪು ಅಂದ್ರೆ 50 ಕಿ.ಮೀ.ಗಿಂತ ಉದ್ದದ ದಾರಿ, ಅದನ್ನು ಜಿಆರ್ ಅಂತಾರೆ, ಬಿಳಿ ಹಳದಿ ಅಂದ್ರೆ ಪಿಆರ್, 10ರಿಂದ 50 ಕಿ.ಮೀ., ಬಿಳಿ ಹಸಿರು ಅಂದ್ರೆ 10 ಕಿ.ಮೀ. ಒಳಗಿನ ಊರ ದಾರಿ. ಪಟ್ಟಿ ಸಮಾನಾಂತರ ಇದ್ರೆ ಹೋಗ್ತಾ ಇರಿ, ಬಗ್ಗಿದ್ರೆ ತಿರುವು, ಎರಡೂ ಅಡ್ಡ ಕ್ರಾಸ್ ಆಗಿದ್ರೆ ಅದು ನಿಮ್ಮ ದಾರಿ ಅಲ್ಲ. ತುಂಬಾ ಹೊತ್ತು ಬಣ್ಣ ಕಾಣ್ಲಿಲ್ಲ ಅಂದ್ರೆ ಮುಂದೆ ಹೋಗಿ ಹುಡುಕ್ಬೇಡಿ, ಕೊನೆಗೆ ಕಂಡ ಗುರುತಿನ ತನಕ ವಾಪಸ್ ಬನ್ನಿ. ಆಫ್‌ಲೈನ್ ಮ್ಯಾಪ್ ಫೋನಿನಲ್ಲಿ ಇಳಿಸ್ಕೊಂಡೇ ಹೊರಡಿ, ಬಟುವೇಕಾಸ್ ಕಣಿವೆಯಂಥ ಕಡೆ ನೆಟ್‌ವರ್ಕ್ ನಂಬ್ಲಿಕ್ಕಾಗುದಿಲ್ಲ. ಎಮರ್ಜೆನ್ಸಿಗೆ 112.

ಒಬ್ಬರೇ ಓಡ್ಬಹುದು, ನನ್ನ ಹೆಂಡತಿ ಓಡ್ತಾಳೆ. ಆದ್ರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮೇಡಂಗೆ ಹೇಳಿ ಹೋಗಿ, ಹೇಳಿದ ದಾರಿಯನ್ನು ನಡುವಲ್ಲಿ ಬದಲಾಯಿಸ್ಬೇಡಿ.

ಅಲ್ಲಿ ಬೇಟೆ ಸೀಸನ್ ಉಂಟು, ಇದು ನಮ್ಮ ಊರಿನವರಿಗೆ ಹೊಳೆಯದ ವಿಷಯ. ಅಕ್ಟೋಬರಿಂದ ಫೆಬ್ರವರಿ ತನಕ ಶನಿವಾರ ಭಾನುವಾರ ಕಾಡುಹಂದಿ ಬೇಟೆ ಜೋರು, ಅದೂ ಕಾನೂನು ಪ್ರಕಾರವೇ, ಗುಂಪಾಗಿ ನಾಯಿ ಬಿಟ್ಟು ಹಂದಿಯನ್ನು ಎಬ್ಬಿಸ್ತಾರೆ, ಕೋವಿ ಹಿಡಿದವರು ಸಾಲಾಗಿ ನಿಂತಿರ್ತಾರೆ. ದಾರಿಯ ಬಾಯಲ್ಲಿ ಬತೀದಾ ಅಥವಾ ಮೊಂತೆರಿಯಾ ಅಂತ ಬೋರ್ಡ್ ಇದ್ರೆ ಮತ್ತೆ ಯೋಚನೆ ಮಾಡ್ಲಿಕ್ಕೆ ಇಲ್ಲ, ಬೇರೆ ಗುಡ್ಡೆಗೆ ಹೋಗಿ. ನೀವು ಹೋಗುದೇ ವೀಕೆಂಡಿಗೆ ಆದ್ದರಿಂದ ಹಿಂದಿನ ರಾತ್ರಿಯೇ ಹಳ್ಳಿಯ ಬಾರ್‌ನಲ್ಲಿ ಕೇಳಿ, ಕಾಫಿ ತಿಂಡಿಯೂ ಅಲ್ಲೇ ಸಿಗುದು, ಹೆಂಗಸರು ಮಕ್ಕಳು ಎಲ್ಲ ಬರ್ತಾರೆ, ನಾಳೆ ಎಲ್ಲಿ ಬೇಟೆ ಅಂತ ಅಲ್ಲಿದ್ದವರಿಗೆ ಗೊತ್ತಿರ್ತದೆ. ಕಿತ್ತಳೆ ಅಥವಾ ಕಣ್ಣಿಗೆ ಹೊಡೆಯುವ ಹಳದಿ ಟೀಶರ್ಟ್ ಹಾಕಿ, ಕಂದು ಬಣ್ಣ ಬೇಡವೇ ಬೇಡ.

ಗೇಟು ಸಿಕ್ಕಿದ್ರೆ ನಮ್ಮ ತಡಮೆಯ ಹಾಗೇ ನೋಡ್ಕೊಳ್ಳಿ, ಮುಚ್ಚಿದ್ದನ್ನು ದಾಟಿದ ಮೇಲೆ ಮುಚ್ಚಿ, ತೆರೆದಿದ್ದನ್ನು ತೆರೆದೇ ಬಿಡಿ. ಒಳಗೆ ದನ, ಕುರಿ ಇರ್ತದೆ. ಚೆಸ್ಟ್‌ನಟ್ ನವೆಂಬರ್ ಹೊತ್ತಿಗೆ ದಾರಿ ತುಂಬ ಬಿದ್ದಿರ್ತದೆ, ಆದ್ರೆ ಮರಗಳಿಗೆ ಯಜಮಾನರು ಇದ್ದಾರೆ, ಚೀಲ ತುಂಬಿಸ್ಲಿಕ್ಕೆ ಹೋಗ್ಬಾರ್ದು.

ಮುಳ್ಳೇರಿಯ ಫಿಸಿಯೋ:

ಕುಂಬ್ಳೆ ಅಣ್ಣ ಏರಿನ ಬಗ್ಗೆ ಹೇಳಿದ್ರು, ನಾನು ಇಳಿಯುವುದರ ಬಗ್ಗೆ ಹೇಳ್ತೇನೆ, ಯಾಕಂದ್ರೆ ನನ್ನ ಹತ್ರ ಕಾಲು ಹಿಡ್ಕೊಂಡು ಬರುವವರೆಲ್ಲ ಇಳಿದು ಬಂದವರೇ. ಏರುವಾಗ ಉಸಿರು ಸೋಲ್ತದೆ, ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಎಳೆದುಕೊಂಡೇ ಭಾರ ತಡೀಬೇಕು, ಸ್ನಾಯು ಸಣ್ಣ ಸಣ್ಣದಾಗಿ ಹರಿಯುದು ಆಗ. ಆವತ್ತು ಏನೂ ಗೊತ್ತಾಗುದಿಲ್ಲ, ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳೀಲಿಕ್ಕೆ ಆಗುದಿಲ್ಲ. ಒಳ್ಳೆಯ ವಿಷಯ ಎಂತ ಅಂದ್ರೆ ಈ ಸ್ನಾಯು ಬೇಗ ಕಲೀತದೆ, ಸ್ವಲ್ಪ ಸ್ವಲ್ಪ ಇಳಿಜಾರು ಓಡಿದ್ರೆ ಮುಂದಿನ ಸಲ ಅಷ್ಟು ನೋವು ಬರುದಿಲ್ಲ. ಹೊರಡುವ ಮೊದಲು ವಾರಕ್ಕೊಮ್ಮೆಯಾದ್ರೂ ಪೊಸಡಿ ಗುಂಪೆಯಿಂದ ಇಳಿಯುವ ಓಟ ಮಾಡಿ, ಉದ್ದ ಹೆಜ್ಜೆ ಬೇಡ, ಚುಟುಕು ಹೆಜ್ಜೆ, ಪಾದ ಸೊಂಟದ ಕೆಳಗೇ ಬೀಳ್ಬೇಕು, ಕಣ್ಣು ಮುಂದಿನ ಮೂರು ನಾಲ್ಕು ಹೆಜ್ಜೆಯ ಮೇಲೆ ಇರ್ಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಮಾತ್ರ ಮಾಡ್ಬೇಡಿ ತಂಗಿ.

ನಿಮಗೆ ಇಲ್ಲಿಯ ಬೆವರು ಅಭ್ಯಾಸ, ಅಂಗಿ ಹಿಂಡುವಷ್ಟು ಒದ್ದೆ ಆಗ್ತದೆ, ಹಾಗಾಗಿ ನೀರು ಕುಡೀಬೇಕು ಅಂತ ನೆನಪಾಗ್ತದೆ. ಅಲ್ಲಿಯ ಒಣ ಗಾಳಿಯಲ್ಲಿ ಬೆವರು ಚರ್ಮದ ಮೇಲೆಯೇ ಆರಿಹೋಗ್ತದೆ, ಅಂಗಿ ಒಣಗಿಯೇ ಇರ್ತದೆ, ನೀರು ಹೋದದ್ದೇ ತಿಳಿಯುದಿಲ್ಲ. ಸೆಪ್ಟೆಂಬರಿನ ಮಧ್ಯಾಹ್ನ ಇನ್ನೂ ಬಿಸಿಲು ಇರುವಾಗ ಬಾಯಾರಿಕೆಗೆ ಕಾಯದೆ ಕುಡೀರಿ, ಒಂದು ಗಂಟೆ ದಾಟಿದ್ರೆ ಉಪ್ಪು ಹಾಕಿದ ನೀರು.

ಪೆರ್ಲದ ಓಟಗಾರ್ತಿ:

ಅಣ್ಣ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೇಟೆಯ ವಿಷಯ ನನಗೆ ಕನಸಲ್ಲೂ ಬಂದಿರ್ಲಿಲ್ಲ. ಇನ್ನೆರಡು ಕೇಳ್ತೇನೆ, ನಾಯಿ ಬಗ್ಗೆ ಹೇಳ್ಲಿಲ್ಲ ನೀವು, ಮತ್ತೆ ನಾನು ಇಲ್ಲಿ ಬೆಳಿಗ್ಗೆ ಐದೂವರೆಗೆ ಹೊರಡುವವಳು, ಅಲ್ಲಿ ಆ ಹೊತ್ತಿಗೆ ಹೋಗ್ಬಹುದಾ? ಶೂ ಬಗ್ಗೆಯೂ ಒಂದು ಮಾತು ಹೇಳಿ.

ಬಿಲ್ಬಾವೋದಲ್ಲಿ ಕುಂಬ್ಳೆಯವ:

ಐದೂವರೆ ಆಗುದಿಲ್ಲ. ಡಿಸೆಂಬರಿನಲ್ಲಿ ಸಾಲಮಾಂಕದಲ್ಲಿ ಎಂಟೂವರೆ ಆದ್ರೂ ಸೂರ್ಯ ಹುಟ್ಟಿರುದಿಲ್ಲ, ಹಗಲು ಒಂಬತ್ತು ಗಂಟೆ ಚಿಲ್ಲರೆ ಅಷ್ಟೇ. ಜೂನಲ್ಲಿ ಉಲ್ಟಾ, ರಾತ್ರಿ ಹತ್ತರ ಹತ್ರ ಸೂರ್ಯ ಮುಳುಗುದು. ಚಳಿಗಾಲದಲ್ಲಿ ಹತ್ತು ಗಂಟೆಗೆ ಹೊರಟು ಒಂದೂವರೆ ಎರಡಕ್ಕೆ ವಾಪಸ್, ಅದೇ ಸರಿ. ಮಧ್ಯಾಹ್ನ ಎರಡರ ಮೇಲೆ ಹಳ್ಳಿಯ ಅಂಗಡಿ ಎಲ್ಲ ಬಂದ್ ಆಗಿ ಸಂಜೆ ಐದಕ್ಕೆ ತೆರೀತದೆ, ಬೇಕಾದ್ದು ಮೊದಲೇ ತಗೊಳ್ಳಿ. ಶಿಖರದ ಮೇಲೆ ಹಿಮ ಬೀಳ್ತದೆ, ಗಾಳಿಗೆ ನಿಲ್ಲಲಿಕ್ಕಾಗುದಿಲ್ಲ, ತೆಳ್ಳಗಿನ ಗಾಳಿ ಕೋಟು ಬ್ಯಾಗಿನಲ್ಲಿ ಯಾವಾಗಲೂ ಇರ್ಲಿ.

ನಾಯಿ. ಬೀದಿನಾಯಿ ಗುಂಪು ಕಮ್ಮಿ. ಆದ್ರೆ ಕುರಿಮಂದೆ ಇದ್ದಲ್ಲಿ ಮಾಸ್ತಿನ್ ಅಂತ ದೊಡ್ಡ ನಾಯಿ ಇರ್ತದೆ, ತೋಳದಿಂದ ಕುರಿ ಕಾಯಲಿಕ್ಕೆ ಸಾಕಿದ ಜಾತಿ, ಗಂಡು ನಾಯಿ 60 ಕಿಲೋ ದಾಟ್ತದೆ, ಕೆಲವಕ್ಕೆ ಕುತ್ತಿಗೆಗೆ ಮುಳ್ಳಿನ ಕಬ್ಬಿಣದ ಪಟ್ಟಿ. ಅದು ನಿಮ್ಮನ್ನು ಕಚ್ಚಲಿಕ್ಕೆ ಬರುದಲ್ಲ, ಕುರಿಗೂ ನಿಮಗೂ ನಡುವೆ ನಿಲ್ಲಲಿಕ್ಕೆ ಬರುದು. ದೂರದಿಂದ ಬೊಗಳಿದ ಕೂಡಲೇ ಓಡುವುದು ನಿಲ್ಸಿ, ನಡೀರಿ, ಮೃದುವಾಗಿ ಮಾತಾಡ್ತಾ ಇರಿ, ಮಂದೆಯ ಒಳಗೆ ನುಗ್ಗದೆ ದೊಡ್ಡ ಸುತ್ತು ಹಾಕಿ. ಬೆನ್ನು ಹಾಕಿ ಓಡ್ಲೇಬಾರ್ದು, ಕಲ್ಲು ಎತ್ಲಿಕ್ಕೂ ಹೋಗ್ಬಾರ್ದು.

ಶೂ ಅಂದ್ರೆ, ಅಡಿಯಲ್ಲಿ ನಾಲ್ಕೈದು ಮಿ.ಮೀ. ಹಲ್ಲಿರುವ ಟ್ರೈಲ್ ಶೂ, ಕಾಡುದಾರಿಯಲ್ಲಿ ಓಡುವ ಶೂ ಬೇಕು. ಆ ಸಿಯೆರ್ರಾದ ಮೇಲ್ಭಾಗ ಕ್ವಾರ್ಟ್ಸೈಟ್ ಕಲ್ಲು, ಒಡೆದು ಒಡೆದು ಇಳಿಜಾರಲ್ಲಿ ಹರಡಿರ್ತದೆ, ಅಂಚು ಚೂಪು, ಕಾಲಿಟ್ಟ ಕಡೆ ಜಾರ್ತದೆ, ಮುರಕಲ್ಲಿನಲ್ಲಿ ಕಾಲು ಹಿಡಿಯುವ ಹಾಗೆ ಅಲ್ಲಿ ಹಿಡಿಯುದಿಲ್ಲ. ಕೆಳಗೆ ಕಾಡಲ್ಲಿ ನವೆಂಬರಿನಲ್ಲಿ ಓಕ್ ಎಲೆ ಪಾದ ಮುಚ್ಚುವಷ್ಟು ಬಿದ್ದು ಅದರಡಿಯ ಕಲ್ಲು, ಬೇರು ಎರಡೂ ಕಾಣುದಿಲ್ಲ, ಅಲ್ಲಿ ವೇಗ ಇಳಿಸಿ. ವಸಂತದ ಶುರುವಿಗೆ ಪೈನ್ ಮರದಿಂದ ಕಂಬಳಿಹುಳಗಳು ಒಂದರ ಹಿಂದೆ ಒಂದು ಸಾಲಾಗಿ ದಾರಿ ದಾಟ್ತವೆ, ಅದರ ರೋಮ ತಾಗಿದ್ರೆ ಮೈ ಉರಿ, ಕಣ್ಣಿಗೆ ಹೋದ್ರೆ ಆಸ್ಪತ್ರೆಯೇ. ಮುಟ್ಬೇಡಿ, ಕೋಲಿನಿಂದ ಕೆದಕಲೂಬೇಡಿ.

ಬಟುವೇಕಾಸ್ ಕಣಿವೆ ಕಡೆ ಹೋದ್ರೆ ಕೆಳಗೆ 1599ರ ಕಾಲದ, ಕಾರ್ಮೆಲೈಟ್ ಅಂತ ಕ್ರೈಸ್ತ ಸನ್ಯಾಸಿಗಳು ಕಟ್ಟಿದ ಮಠ ಉಂಟು, ಮೌನದಲ್ಲಿ ಇರುವ ಜಾಗ, ಅದರ ಗೋಡೆ ಬದಿಯಲ್ಲಿ ಓಟ ನಿಲ್ಸಿ ನಡ್ಕೊಂಡು ಹೋಗಿ. ಅದು ನ್ಯಾಚುರಲ್ ಪಾರ್ಕ್, ಕಪ್ಪು ಕೊಕ್ಕರೆ, ರಣಹದ್ದು ಗೂಡು ಕಟ್ಟುವ ಕಾಲದಲ್ಲಿ ಗುರುತಿನ ದಾರಿ ಬಿಡ್ಬೇಡಿ. 2022ರ ಜುಲೈಯಲ್ಲಿ ಆ ಕಡೆ ದೊಡ್ಡ ಕಾಡ್ಗಿಚ್ಚು ಬಂದಿತ್ತು, ಸುಟ್ಟು ನಿಂತ ಮರದ ಕೆಳಗೆ ಗಾಳಿಯಿದ್ದ ದಿನ ಹೋಗ್ಬಾರ್ದು.

ಮತ್ತೆ ಹಳ್ಳಿಯ ಬೀದಿಯಲ್ಲಿ ಒಂದು ಹಂದಿ ತಿರುಗ್ತಾ ಇರ್ತದೆ, ಹೆದರ್ಬೇಡಿ. ಜೂನ್ 13ಕ್ಕೆ ಬಿಡ್ತಾರೆ, ಊರವರೆಲ್ಲ ಸೇರಿ ಸಾಕ್ತಾರೆ, ಜನವರಿ 17ಕ್ಕೆ ಸಾನ್ ಆಂತೋನ್ ಹಬ್ಬದಲ್ಲಿ ಲಾಟರಿ ಎತ್ತಿ ಕೊಡ್ತಾರೆ.

ಪೈವಳಿಕೆ ಮಾಸ್ಟ್ರು:

ಎಲ್ಲ ಓದಿದೆ ಮಕ್ಕಳೇ, ಖುಷಿಯೂ ಆಯ್ತು, ಹೊಟ್ಟೆಯೊಳಗೆ ಸಂಕಟವೂ ಆಯ್ತು. ಅಲ್ಲಿ ಬಣ್ಣ ಬಳಿದು ಕಾಪಾಡಿದ ದಾರಿಗಳು ಎಂತ ದಾರಿಗಳು? ಹಿಂದೆ ಹಳ್ಳಿಯಿಂದ ಹಳ್ಳಿಗೆ ನಡೆದು ಹೋಗುತ್ತಿದ್ದ, ಕುರಿ ಹೊಡೆಯುತ್ತಿದ್ದ ದಾರಿಗಳೇ ಹೆಚ್ಚಿನವು. ನಮ್ಮಲ್ಲಿ ಅಂಥದ್ದು ಇಲ್ಲವಾ? ನಾವು ಶಾಲೆಗೆ ಹೋದದ್ದು ಗದ್ದೆಯ ಕಟ್ಟಪುಣಿ ಮೇಲೆ, ತೋಡಿನ ಸಂಕ ದಾಟಿ, ಗುಡ್ಡೆ ಹತ್ತಿ, ನೀರಿಗಾಗಿ ಗುಡ್ಡೆ ಕೊರೆದ ಸುರಂಗದ ಬಾಯಿಯಲ್ಲಿ ನೀರು ಕುಡಿದು. ರಸ್ತೆ ಬಂತು, ಕಂಪೌಂಡ್ ಬಂತು, ಗುಡ್ಡೆಗೆ ಜೇಸಿಬಿ ಬಂತು, ಕೆಂಪು ಕಲ್ಲಿನ ಕೋರೆ ಬಂತು, ಆ ಕಾಲುದಾರಿ ಎಲ್ಲಿತ್ತು ಅಂತ ತೋರಿಸುವವರೂ ಈಗ ಕಡಿಮೆ. ಪೊಸಡಿ ಗುಂಪೆಯಿಂದ ಒಂದು ಸುತ್ತು ದಾರಿಯನ್ನಾದರೂ ಗುರುತು ಮಾಡಬೇಕು ಅಂತ ನನಗೆ ತುಂಬಾ ಆಸೆ. ಜಾಗದವರನ್ನು ಮನೆಮನೆಗೆ ಹೋಗಿ ಕೇಳುವ ಕೆಲಸ ನಾನು ಮಾಡುತ್ತೇನೆ, ನನ್ನ ಹಳೇ ಶಿಷ್ಯರೇ ಅವರೆಲ್ಲ.

ಪಾಣತ್ತೂರಿನವ:

ಮಾಸ್ಟ್ರೇ, ಗುಂಪೆ ಕಡೆ ಖಂಡಿತ ಮಾಡ್ಬಹುದು. ರಾಣಿಪುರಂ ಗುಡ್ಡೆ ಕಡೆ ಮಾತ್ರ ಈ ಆಲೋಚನೆ ಬೇಡ, ಅದು ಫಾರೆಸ್ಟಿನವರ ಜಾಗ, ಟಿಕೆಟು ಟೈಮು ಎಲ್ಲ ಉಂಟು, ಆಚೆ ಬದಿ ತಲಕಾವೇರಿ ವನ್ಯಧಾಮ, ಆನೆ ಬರ್ತದೆ. ಇಯರ್‌ಫೋನ್ ಹಾಕಿ ಬೆಳಗಿನ ಮಬ್ಬಿನಲ್ಲಿ ಓಡುವ ಜಾಗ ಅದಲ್ಲ. ಮತ್ತೆ ಬಣ್ಣದ ವಿಷಯ, ಸುಣ್ಣ ಬಳಿದ್ರೆ ನಮ್ಮ ಮಳೆಗೆ ಒಂದು ಆಟಿ ತಿಂಗಳು ದಾಟುದಿಲ್ಲ, ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟಿ ಸುರಿಯುವ ಊರು. ಎನಾಮೆಲ್ ಪೇಂಟೇ ಆಗ್ಬೇಕು, ಮತ್ತೆ ಬೇಸಿಗೆಯಲ್ಲಿ ಮುಳಿಹುಲ್ಲಿಗೆ ಬೆಂಕಿ ಬಿದ್ರೆ ಎಲ್ಲಿಂದ ಇಳೀಬೇಕು ಅಂತಲೂ ಗುರುತು ಹಾಕ್ಬೇಕು. ಮಾರ್ಚ್ ಏಪ್ರಿಲಲ್ಲಿ ಗುಡ್ಡೆ ಹೇಗೆ ಹೊತ್ತಿ ಉರೀತದೆ ಅಂತ ನಿಮಗೆ ಗೊತ್ತುಂಟಲ್ಲ.

ಪೆರ್ಲದ ಓಟಗಾರ್ತಿ:

ಮಾಸ್ಟ್ರೇ, ನಾನು ಹೋಗುವ ಮೊದಲೇ ಶುರು ಮಾಡುವ. ನಾನು ಓಡುವ ದಾರಿಯ ಜಿಪಿಎಸ್ ಟ್ರ್ಯಾಕ್ ನನ್ನ ವಾಚಿನಲ್ಲಿ ಉಂಟು, ಅದನ್ನು ಫೈಲ್ ಮಾಡಿ ಇಲ್ಲೇ ಹಾಕ್ತೇನೆ, ಯಾರ ಜಾಗ ಎಲ್ಲಿಂದ ಎಲ್ಲಿ ತನಕ ಅಂತ ನೀವು ನೋಡಿ ಹೇಳಿ, ಒಪ್ಪದವರ ಜಾಗ ಇದ್ರೆ ಅಲ್ಲಿ ದಾರಿ ತಿರುಗಿಸುವ. ಅಕ್ಕ ಹೇಳಿದ ಇಳಿಯುವ ಓಟ ಈ ಭಾನುವಾರದಿಂದ, ಮಳೆ ಬಿಟ್ರೆ ಸಂಜೆ ನಾಲ್ಕಕ್ಕೆ ಗುಂಪೆಯ ಬುಡದಲ್ಲಿ ಇರ್ತೇನೆ, ಬರುವವರು ಬನ್ನಿ.