ಮಂಡಿಯ ಕಾರ್ಟಿಲೇಜ್ ಗುಂಡಿಗೆ ಪಿಆರ್‌ಪಿಯೋ, ಮಜ್ಜೆಯ ಇಂಜೆಕ್ಷನ್ನೋ, ಜೀವಕೋಶದ ಕಸಿಯೋ?

ಕ್ರೀಡಾ ಫಿಸಿಯೋ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಕಬಡ್ಡಿ ಆಟಗಾರ, ವಯಸ್ಸು 29, ತೂಕ 70 ಕೆ.ಜಿ. ಮಂಡಿ ತಿರುಚಿ ಪೆಟ್ಟಾಗಿ ಎಂಟು ತಿಂಗಳು. ಎಂಆರ್‌ಐ ಪ್ರಕಾರ ತೊಡೆಮೂಳೆಯ ಒಳಬದಿಯ ಕಾಂಡೈಲ್‌ನಲ್ಲಿ (ಮಂಡಿಯ ಕಡೆಯ ಉಬ್ಬಿದ ತುದಿ), ಸರಿಯಾಗಿ ಭಾರ ಬೀಳುವ ಕಡೆ, 1.8 × 1.6 ಸೆಂ.ಮೀ. ಜಾಗದ ಕಾರ್ಟಿಲೇಜ್ (ಮೂಳೆ ತುದಿಯ ನುಣುಪಾದ ಮೃದ್ವಸ್ಥಿ) ಪೂರ್ತಿ ಎದ್ದುಹೋಗಿದೆ. ಅದರ ಕೆಳಗಿನ ಮೂಳೆಯಲ್ಲೂ ಊತವಿದೆ. ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್, ಮುಂದಿನ ಅಸ್ಥಿರಜ್ಜು ಎಸಿಎಲ್ ಎರಡೂ ಸರಿಯಾಗಿವೆ. ಒಂದು ಕಡೆ ಮೂರು ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ) ಇಂಜೆಕ್ಷನ್ ಹಾಕಿಸಿ ಅಂದಿದ್ದಾರೆ. ಇನ್ನೊಂದು ಕಡೆ ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ ತೆಗೆದು ಚುಚ್ಚಿದರೆ ಕಾರ್ಟಿಲೇಜ್ ಮತ್ತೆ ಬೆಳೆಯುತ್ತೆ ಅನ್ನುತ್ತಿದ್ದಾರೆ. ಯಾವುದು ಯಾವ ಗಾಯಕ್ಕೆ? ಒಪ್ಪುವ ಮುಂಚೆ ಏನೇನು ಕೇಳಬೇಕು?

ಮೂಳೆ ಶಸ್ತ್ರವೈದ್ಯ

ನೇರವಾಗಿ ಹೇಳುತ್ತೇನೆ: ಇಂಜೆಕ್ಷನ್‌ನಿಂದ ಈ ಗುಂಡಿ ತುಂಬುವುದಿಲ್ಲ. ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಕೀಲಿನೊಳಗೆ ಬಿಟ್ಟ ದ್ರವ ಇಡೀ ಕೀಲಿಗೆ ಹರಡುತ್ತದೆಯೇ ಹೊರತು ಗುಂಡಿಯಲ್ಲಿ ನಿಂತು ಅಂಗಾಂಶವಾಗುವುದಿಲ್ಲ. ಪಿಆರ್‌ಪಿಯಿಂದ ನೋವು, ಉರಿಯೂತ ಕಡಿಮೆಯಾಗಬಹುದು. ಅದು ಹೊಂದುವುದು ಆರಂಭದ, ಮಧ್ಯಮ ಹಂತದ ಮಂಡಿ ಸವೆತಕ್ಕೆ (ಆಸ್ಟಿಯೋಆರ್ಥ್ರೈಟಿಸ್). ಅಲ್ಲೂ ಸಾಕ್ಷ್ಯ ಒಂದೇ ಬಗೆಯದಲ್ಲ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ರೆಸ್ಟೋರ್ ಪ್ರಯೋಗದಲ್ಲಿ 288 ಜನರನ್ನು 12 ತಿಂಗಳು ಗಮನಿಸಿದರು. ಪಿಆರ್‌ಪಿಗೂ ಬರೀ ಉಪ್ಪುನೀರಿನ ಇಂಜೆಕ್ಷನ್‌ಗೂ ನೋವಿನಲ್ಲಾಗಲಿ, ಕಾರ್ಟಿಲೇಜ್ ಗಾತ್ರದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಸೊಂಟದ ಮೂಳೆಯಿಂದ ತೆಗೆಯುವುದು ಮಜ್ಜೆಯ ಸಾರ, ಅಂದರೆ ಬಿಎಂಎಸಿ. ಮಜ್ಜೆಯಲ್ಲಿ ಮೆಸೆಂಕೈಮಲ್ ಕೋಶಗಳು (ಮೂಳೆ, ಕಾರ್ಟಿಲೇಜ್ ಆಗಬಲ್ಲ ಸ್ಟೆಮ್ ಸೆಲ್) 0.001ರಿಂದ 0.01 ಶೇಕಡ ಮಾತ್ರ. ಒಂದೇ ಜಾಗದಿಂದ ಸಿರಿಂಜ್ ತುಂಬ ಎಳೆದರೆ ಬರುವುದು ಬಹುಪಾಲು ರಕ್ತವೇ. ಆದ್ದರಿಂದ ಸೂಜಿಯ ದಿಕ್ಕು ಬದಲಿಸುತ್ತಾ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಬಿಎಂಎಸಿಗೆ ಗಟ್ಟಿ ನೆಲೆ ಇರುವುದು ಮೂಳೆಯ ಕಡೆ. ಮೂಳೆ ಸಾಯುತ್ತಿರುವ ಜಾಗವನ್ನು ಕೊರೆದು ಒಳಗೆ ಬಿಡಬಹುದು, ಇಲ್ಲವೇ ಕಸಿಮೂಳೆಯೊಂದಿಗೆ ಬೆರೆಸಬಹುದು.

ಈಗ ನಿಮ್ಮ ಪ್ರಕರಣ. ಗುಂಡಿ ಸುಮಾರು 2.9 ಚದರ ಸೆಂ.ಮೀ. ಮೂಳೆಗೆ 3–4 ಮಿ.ಮೀ. ಅಂತರದಲ್ಲಿ ತೂತು ಹೊಡೆಯುವ ಮೈಕ್ರೋಫ್ರಾಕ್ಚರ್ ಸಾಮಾನ್ಯವಾಗಿ 2 ಚದರ ಸೆಂ.ಮೀ. ಒಳಗಿನದಕ್ಕೆ. ಅದರಿಂದ ಬೆಳೆಯುವುದು ನಾರುಳ್ಳ ಕಾರ್ಟಿಲೇಜ್. ಕಬಡ್ಡಿಯ ತಿರುವಿಗೆ ಅದು ಕೆಲವು ವರ್ಷದಲ್ಲೇ ಸೋಲುತ್ತದೆ. ಹಾಗಾಗಿ ಉಳಿಯುವುದು ಎರಡು ದಾರಿ: ಭಾರ ಬೀಳದ ಕಡೆಯಿಂದ ಮೂಳೆಸಹಿತ ಬಿರಡೆ ತೆಗೆದು ಕೂರಿಸುವುದು, ಅಥವಾ ರೋಗಿಯದೇ ಕಾರ್ಟಿಲೇಜ್ ಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ಕಸಿ ಮಾಡುವುದು. ಈ ಎರಡನೆಯದನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡ 1994ರಲ್ಲಿ ಪ್ರಕಟಿಸಿತು. ಮೊದಲ ಆರ್ತ್ರೋಸ್ಕೋಪಿಯಲ್ಲಿ (ಸಣ್ಣ ತೂತಿನಿಂದ ಕೀಲಿನೊಳಗೆ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಕ್ರಿಯೆ) 200–300 ಮಿ.ಗ್ರಾಂ. ಚೂರು ತೆಗೆಯುತ್ತಾರೆ, ಲ್ಯಾಬ್‌ನಲ್ಲಿ ಕೆಲವು ವಾರ ಬೆಳೆಸುತ್ತಾರೆ, ಆಮೇಲೆ ಎರಡನೇ ಶಸ್ತ್ರಕ್ರಿಯೆ. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ ಮ್ಯಾಸಿ ಎಂಬ, ಹೀಗೆ ಬೆಳೆಸಿದ ಕೋಶಗಳನ್ನು ಹೊತ್ತ ಪೊರೆಯಲ್ಲಿ ಚದರ ಸೆಂ.ಮೀ.ಗೆ 5ರಿಂದ 10 ಲಕ್ಷ ಕೋಶಗಳಿರುತ್ತವೆ.

ಎಲ್ಲಕ್ಕಿಂತ ಮೊದಲು ನಿಂತ ಭಂಗಿಯಲ್ಲಿ ಸೊಂಟದಿಂದ ಪಾದದವರೆಗಿನ ಎಕ್ಸ್‌ರೇ ತೆಗೆಸಿ. ಕಾಲು ಹೊರಕ್ಕೆ ಬಾಗಿ ದೇಹದ ಭಾರ ಒಳಬದಿಗೇ ಬೀಳುತ್ತಿದ್ದರೆ ಎಂಥ ದುಬಾರಿ ಕಸಿಯೂ ಅರೆದು ಹೋಗುತ್ತದೆ. ಬಾಗು 5 ಡಿಗ್ರಿ ದಾಟಿದ್ದರೆ ಮಂಡಿಯ ಕೆಳಗಿನ ಟಿಬಿಯಾ ಮೂಳೆ ಕತ್ತರಿಸಿ ನೇರ ಮಾಡುವುದನ್ನೂ ಜೊತೆಗೇ ಯೋಚಿಸಬೇಕು. ಕಸಿ ಸೋಲುವುದಕ್ಕೆ ನಾವು ನೋಡುವ ದೊಡ್ಡ ಕಾರಣ ಇದೇ, ಆದರೂ ಈ ಎಕ್ಸ್‌ರೇ ಇಲ್ಲದ ಫೈಲುಗಳೇ ಹೆಚ್ಚು ಬರುತ್ತವೆ.

ರಕ್ತನಿಧಿ ಲ್ಯಾಬ್

ಪಿಆರ್‌ಪಿ ಕೊಡುವವರನ್ನು ಮೊದಲು ಕೇಳಬೇಕಾದ್ದು: ಎಷ್ಟು ರಕ್ತ ತೆಗೆಯುತ್ತೀರಿ, ಕೊನೆಗೆ ಪ್ಲೇಟ್‌ಲೆಟ್ ಎಣಿಸುತ್ತೀರಾ? ಲೆಕ್ಕ ಸರಳ. ಮೈಕ್ರೋಲೀಟರ್‌ಗೆ 2.5 ಲಕ್ಷ ಇದ್ದರೆ 15 ಮಿ.ಲೀ. ರಕ್ತದಲ್ಲಿ ಒಟ್ಟು 375 ಕೋಟಿ, 60 ಮಿ.ಲೀ.ನಲ್ಲಿ 1500 ಕೋಟಿ. 2021ರ ಚಂಡೀಗಢದ ಅಧ್ಯಯನದಲ್ಲಿ ಒಂದು ವರ್ಷ ಫಲ ಉಳಿದದ್ದು 8 ಮಿ.ಲೀ.ನಲ್ಲಿ 1000 ಕೋಟಿ ಕೊಟ್ಟಾಗ. ಒಂದು ಸಣ್ಣ ಟ್ಯೂಬ್ ರಕ್ತದಿಂದ ಅಷ್ಟು ಬರಲು ಸಾಧ್ಯವೇ ಇಲ್ಲ.

ರಕ್ತವನ್ನು ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರದ ವೇಗವನ್ನು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ಹೇಳಿದರೆ ಸಾಲದು, ರಕ್ತದ ಮೇಲೆ ಬೀಳುವ ಬಲವನ್ನು ಜಿ (ಗುರುತ್ವದ ಎಷ್ಟು ಪಟ್ಟು) ಲೆಕ್ಕದಲ್ಲಿ ಹೇಳಬೇಕು. 1500 ಆರ್‌ಪಿಎಂ ಅಂದರೆ 10 ಸೆಂ.ಮೀ. ತ್ರಿಜ್ಯದ ರೋಟರ್‌ನಲ್ಲಿ (ತಿರುಗುವ ಭಾಗ) ಸುಮಾರು 250 ಜಿ, 16 ಸೆಂ.ಮೀ.ನಲ್ಲಿ 400 ಜಿ. ಮೊದಲ ಸುತ್ತು ಜೋರಾದರೆ ಪ್ಲೇಟ್‌ಲೆಟ್‌ಗಳು ಕೆಂಪುಕಣಗಳ ಜೊತೆ ತಳಕ್ಕಿಳಿಯುತ್ತವೆ, ನೀವು ಎಳೆಯುವುದು ಬರೀ ಪ್ಲಾಸ್ಮಾ. ಕೀಲಿಗೆ ಬಿಳಿರಕ್ತಕಣ ಕಡಿಮೆ ಇರುವ ಪಿಆರ್‌ಪಿಯೇ ಸಾಮಾನ್ಯ ಆಯ್ಕೆ, ಹೆಚ್ಚಿದ್ದರೆ ಚುಚ್ಚಿದ ಮೇಲೆ ಮಂಡಿ ಊದಿಕೊಂಡು ನೋಯುವುದು ಜಾಸ್ತಿ. ಸಿರಿಂಜಿನಲ್ಲಿ ಕೆಂಪು ಕಂಡರೆ ಪ್ರಶ್ನಿಸಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಒಂದು ವಾರ ಮೊದಲೇ ನಿಲ್ಲಿಸಿ, ಅವು ಪ್ಲೇಟ್‌ಲೆಟ್ ಕೆಲಸವನ್ನೇ ತಡೆಯುತ್ತವೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ವೈದ್ಯರನ್ನು ಕೇಳದೆ ಬಿಡಿಸಬೇಡಿ.

ಕ್ರೀಡಾ ಫಿಸಿಯೋ, ಶಿವಮೊಗ್ಗ

ಧನ್ಯವಾದ ಸರ್. ಎಕ್ಸ್‌ರೇ ತೆಗೆಸುತ್ತೇವೆ. ಬೆಂಗಳೂರಿನ ಕಂಪನಿಯೊಂದರ ಸ್ಟೆಮ್ ಸೆಲ್‌ಗೆ ಸರ್ಕಾರದ ಒಪ್ಪಿಗೆ ಇದೆ ಅಂತಾರಲ್ಲ, ಅದು ಇವನಿಗೆ ಆಗುತ್ತದೆಯೇ? ಮತ್ತೆ, ಕಸಿ ಆದ ಮೇಲೆ ಭಾರ ಹಾಕುವುದು ಹೇಗೆ?

ಮೂಳೆ ಶಸ್ತ್ರವೈದ್ಯ

ಅದು ಸ್ಟೆಂಪ್ಯೂಟಿಕ್ಸ್‌ನವರ ಸ್ಟೆಂಪ್ಯೂಸೆಲ್. ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶಗಳು. 2022ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮಂಡಿಯ ಸವೆತಕ್ಕೆ. 2.5 ಕೋಟಿ ಕೋಶಗಳ ಒಂದೇ ಡೋಸ್, ಹಿಂದೆಯೇ ಕೀಲಿಗೆ ಜಾರುಗುಣ ಕೊಡುವ ಹಯಲುರಾನಿಕ್ ಆಮ್ಲ. ಪೆಟ್ಟಿನಿಂದ ಒಂದೇ ಕಡೆ ಬಿದ್ದ ಗುಂಡಿ ಬೇರೆ ರೋಗ, ಆ ಒಪ್ಪಿಗೆಯನ್ನು ಇದಕ್ಕೆ ಎಳೆಯಬಾರದು. ಒಪ್ಪಿಗೆ ಪಡೆದ ಉತ್ಪನ್ನವಲ್ಲದ ಸ್ಟೆಮ್ ಸೆಲ್ ಚಿಕಿತ್ಸೆಗೆ, ರಕ್ತರೋಗಗಳ ಕಸಿ ಬಿಟ್ಟರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಯೋಗದ ಹೊರಗೆ ಅವಕಾಶ ಕೊಡುವುದಿಲ್ಲ. ಪ್ರಯೋಗ ಅಂದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಪ್ರಯೋಗದ ಔಷಧಕ್ಕೆ ರೋಗಿಯಿಂದ ಹಣ ಕೇಳಿದರೆ ಅಲ್ಲೇ ಅನುಮಾನಿಸಿ.

ಮೂಳೆಯ ಊತ ಮಾತ್ರ ಇದ್ದರೆ ಕಾರ್ಟಿಲೇಜ್ ಕಸಿಗೆ ಅಡ್ಡಿಯಿಲ್ಲ. ಮೂಳೆಯೇ 8 ಮಿ.ಮೀ.ಗಿಂತ ಆಳ ಕುಸಿದಿದ್ದರೆ ಮೊದಲು ಅಲ್ಲಿಗೆ ಕಸಿಮೂಳೆ ತುಂಬಿ, ಅದರ ಮೇಲೆ ಕೋಶದ ಪೊರೆ ಇಡಬೇಕಾಗುತ್ತದೆ. ಎದುರಿನ ಟಿಬಿಯಾದಲ್ಲೂ ಗುಂಡಿ ಇದ್ದರೆ ಈ ಕಸಿಯನ್ನೇ ಮಾಡುವುದಿಲ್ಲ.

ಪುನಶ್ಚೇತನ ಫಿಸಿಯೋ

ಭಾರದ ಪ್ರಶ್ನೆಗೆ: ಮೊದಲ ಎರಡು ವಾರ ದೇಹತೂಕದ ಶೇ. 20 ಮಾತ್ರ. ಇವನಿಗೆ 14 ಕೆ.ಜಿ. ಮನೆಯ ತೂಕದ ಯಂತ್ರದ ಮೇಲೆ ಆ ಕಾಲನ್ನು ಒತ್ತಿಸಿ, ಮುಳ್ಳು 14ಕ್ಕೆ ಬಂದಾಗ ಹೇಗನಿಸುತ್ತದೆಂದು ಊರುಗೋಲು ಹಿಡಿದೇ ಅಭ್ಯಾಸ ಮಾಡಿಸಿ. ಬಾಯಲ್ಲಿ ಹೇಳಿದರೆ ಯಾರೂ 14ಕ್ಕೆ ನಿಲ್ಲಿಸುವುದಿಲ್ಲ. ಪೂರ್ತಿ ಭಾರ 8ರಿಂದ 12 ವಾರದ ನಡುವೆ, ಶಸ್ತ್ರವೈದ್ಯರು ಹೇಳಿದಂತೆ. ಮಡಚುವ ಚಲನೆ ಮಾತ್ರ ಮರುದಿನದಿಂದಲೇ ಬೇಕು, ಕಾಲನ್ನು ತಾನೇ ಮೆಲ್ಲಗೆ ಮಡಚಿ ಬಿಡಿಸುವ ಸಿಪಿಎಂ ಯಂತ್ರ ಸಿಕ್ಕರೆ ಒಳ್ಳೆಯದು. ಮೊದಲ ತಿಂಗಳುಗಳಲ್ಲಿ ಕುಕ್ಕರುಗಾಲಲ್ಲಿ ಕೂರುವುದು, ತೂಕ ಕಟ್ಟಿ ಕಾಲು ಚಾಚುವುದು ಬೇಡ. ಒಮ್ಮೆಗೇ ಜೋರು ನೋವು, ಊತ, ಕೀಲು ಸಿಕ್ಕಿಕೊಂಡಂತಾದರೆ ಪೊರೆ ಕಿತ್ತಿರಬಹುದು, ಕಾಯದೆ ಎಂಆರ್‌ಐ ಮಾಡಿಸಿ. ಆರನೇ ತಿಂಗಳಿಗೆ ನೋವು ಹೋಗಿರುತ್ತದೆ, ಹುಡುಗ ಮ್ಯಾಟ್‌ಗೆ ಇಳಿಯುತ್ತೇನೆ ಅನ್ನುತ್ತಾನೆ. ಅಂಗಾಂಶ ಆಗ ಇನ್ನೂ ಮೆದು. ರೈಡಿಂಗ್‌ಗೆ 12 ತಿಂಗಳ ಮುಂಚೆ ಬಿಡಬೇಡಿ.