ಟಿಸಿ (ಟ್ರಾನ್ಸ್‌ಫಾರ್ಮರ್) ಎಣ್ಣೆ ಇಳಿದ ನೆಲ: ಶುದ್ಧಿಯ ಖರ್ಚು ಯಾರ ತಲೆಗೆ? (ಗುಂಪಿನಲ್ಲಿ ವಕೀಲರೊಂದಿಗೆ ಪ್ರಶ್ನೋತ್ತರ)

ಗುಬ್ಬಿ ತಾಲ್ಲೂಕಿನ ರೈತ: ಮೇಡಂ, ನಮಸ್ಕಾರ. ನಮ್ಮ ತೆಂಗಿನ ತೋಟದ ಬದುವಿಗೆ ಅಂಟಿಕೊಂಡೇ ವಿದ್ಯುತ್ ಕಂಪನಿಯವರು ಸುಟ್ಟ ಟಿಸಿಗಳನ್ನು ರಾಶಿ ಹಾಕುವ ಜಾಗವಿದೆ. ಎಣ್ಣೆ ಸೋರಿ ಮಣ್ಣು ಕಪ್ಪಾಗಿದೆ. ಹೋದ ಮಳೆಗಾಲದಿಂದ ಬಾವಿ ನೀರಿನ ಮೇಲೂ ಎಣ್ಣೆಯ ಪೊರೆ. ಕೇಳಿದರೆ ಗುತ್ತಿಗೆದಾರನತ್ತ ಕೈ ತೋರಿಸುತ್ತಾರೆ. ಈಗ ನಲವತ್ತು ಸಾವಿರ ಕೊಡುತ್ತೇವೆ, ‘ಮುಂದೆ ಯಾವ ತಕರಾರೂ ಇಲ್ಲ’ ಎಂದು ಸಹಿ ಹಾಕಿ ಎನ್ನುತ್ತಿದ್ದಾರೆ. ಹಾಕಬಹುದೇ?

ವಕೀಲೆ, ತುಮಕೂರು: ಬೇಡ. ದಯವಿಟ್ಟು ಆ ಕಾಗದಕ್ಕೆ ಸಹಿ ಹಾಕಬೇಡಿ. ಆ ಹಣ ನಿಮ್ಮ ಬೆಳೆಗೆ ಕೊಡುವ ಸಮಾಧಾನ. ನೆಲ ಮತ್ತು ಅಂತರ್ಜಲ ಶುದ್ಧಿಯ ಖರ್ಚು ಬೇರೆ, ಅದು ಅನೇಕ ಪಟ್ಟು ದೊಡ್ಡದು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಕಲಂ ಪ್ರಕಾರ ಪರಿಹಾರವನ್ನೂ ಕೇಳಬಹುದು, ಕೆಟ್ಟ ನೆಲವನ್ನು ಮೊದಲಿನಂತೆ ಮಾಡಿಕೊಡಿ ಎಂದೂ ಕೇಳಬಹುದು. ಅರ್ಜಿ ಹಾಕಲು ಗಡುವು ಐದು ವರ್ಷ, ತಕರಾರಿನ ಕಾರಣ ಮೊದಲು ಹುಟ್ಟಿದ ದಿನದಿಂದ. ನನ್ನನ್ನು ಕಾಡುತ್ತಿರುವುದು ಇದೇ. ಮಣ್ಣು ಕಪ್ಪಾಗಿದ್ದನ್ನು ನೀವು ಮೊದಲು ಕಂಡದ್ದು ಯಾವ ವರ್ಷ?

ಗುತ್ತಿಗೆದಾರನ ಮಾತಿಗೆ ಹೆದರಬೇಡಿ. ಟಿಸಿ ಕಂಪನಿಯದು, ಎಣ್ಣೆಯೂ ಕಂಪನಿಯದು. ಅವರಿಬ್ಬರ ಲೆಕ್ಕವನ್ನು ಅವರೇ ಆಮೇಲೆ ಬಗೆಹರಿಸಿಕೊಳ್ಳಲಿ. ರಾಜಸ್ಥಾನದ ಬಿಚ್ಛಡಿ ಹಳ್ಳಿಯ ನೆಲ, ಬಾವಿಗಳನ್ನು ರಾಸಾಯನಿಕ ಕಾರ್ಖಾನೆಗಳು ಕೆಡಿಸಿದ ಪ್ರಕರಣದಲ್ಲಿ, ಕೆಡಿಸಿದವರೇ ಶುದ್ಧಿಯ ಖರ್ಚು ತೆರಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಕಾರ್ಖಾನೆಯವರು ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಎಳೆದಾಡಿದರು. 2011ರಲ್ಲಿ ಅದೇ ಕೋರ್ಟ್ 37.385 ಕೋಟಿ ರೂಪಾಯಿಯನ್ನು ಶೇ. 12ರ ಚಕ್ರಬಡ್ಡಿ ಸಮೇತ ಕಟ್ಟಲು ಆದೇಶಿಸಿತು.

ತಹಶೀಲ್ದಾರರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಮಹಜರು ಮಾಡಿಸಿ ಮಣ್ಣು, ನೀರಿನ ಮಾದರಿ ತೆಗೆಸಿ. ಪಿಸಿಬಿ ಎಂಬ ರಾಸಾಯನಿಕದ ಪರೀಕ್ಷೆಯೂ ಆಗಲೇಬೇಕು. ಹಳೆಯ ಟಿಸಿಗಳ ಎಣ್ಣೆಯಲ್ಲಿ ಅದು ಇರಬಹುದು. ಬಾವಿ ನೀರನ್ನು ಕುಡಿಯಬೇಡಿ, ದನಗಳಿಗೂ ಕೊಡಬೇಡಿ.

ತಿಪಟೂರಿನ ಸದಸ್ಯ: ಬೂದಿ, ಸಗಣಿ ನೀರು ಸುರಿದು ಬೆಂಕಿ ಕೊಟ್ಟರೆ ಎಣ್ಣೆ ಹೋಗುತ್ತದೆಂದು ಒಂದು ಸಂದೇಶ ಬಂದಿದೆ. ಟಿಸಿ ಎಣ್ಣೆ ಮಂಡಿನೋವಿಗೂ ಒಳ್ಳೆಯದಂತೆ.

ವಕೀಲೆ: ಬೆಂಕಿ ಇಡಬೇಡಿ! ಪಿಸಿಬಿ ಅರೆಬರೆ ಉರಿದರೆ ಡಯಾಕ್ಸಿನ್, ಫ್ಯೂರಾನ್ ಹುಟ್ಟುತ್ತವೆ. ಅವು ಇನ್ನೂ ಘೋರ ವಿಷ. ಮೈಗೆ ಹಚ್ಚುವ ಮಾತಂತೂ ಬೇಡವೇ ಬೇಡ. ಯಾರೋ ಕಳಿಸಿದ್ದನ್ನು ಓದದೆ ಇಲ್ಲಿಗೆ ದಾಟಿಸುವುದನ್ನು ನಿಲ್ಲಿಸಿ.

ಶಿರಾದ ಸದಸ್ಯ: ಎಕರೆಗೆ ಎಷ್ಟು ಪರಿಹಾರ ಸಿಗುತ್ತದೆ?

ವಕೀಲೆ: ಎಕರೆಗೆ ಇಷ್ಟು ಎಂಬ ದರ ಇಲ್ಲ. ಹಾನಿಯ ಪುರಾವೆ ನೋಡಿ ನಿರ್ಧರಿಸುತ್ತಾರೆ.

ಕುಣಿಗಲ್ಲಿನ ಸದಸ್ಯ: ಕಂಪನಿ ನಷ್ಟದಲ್ಲಿದೆ. ಕೊನೆಗೆ ನಮ್ಮ ಬಿಲ್ಲಿಗೇ ಸೇರಿಸುತ್ತಾರೆ. ಒಬ್ಬರ ತೋಟಕ್ಕಾಗಿ ಎಲ್ಲರೂ ಏಕೆ ಕಟ್ಟಬೇಕು?

ಗುಬ್ಬಿ ತಾಲ್ಲೂಕಿನ ರೈತ: ನಿಮ್ಮ ಬಾವಿಯಾಗಿದ್ದರೆ ಹೀಗೆ ಬರೆಯುತ್ತಿದ್ದಿರಾ?

ಕುಣಿಗಲ್ಲಿನ ಸದಸ್ಯ: ಕೋಪ ಏಕೆ? ಇದ್ದದ್ದನ್ನು ಹೇಳಿದೆ.

ತಿಪಟೂರಿನ ಸದಸ್ಯ: ರಾತ್ರಿ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನೂ ಸ್ವಲ್ಪ ನೆನೆಯಿರಿ. ಎಲ್ಲದಕ್ಕೂ ಕಂಪನಿಯನ್ನೇ ಬೈಯುವುದಾಯಿತು.

ಗುಬ್ಬಿ ತಾಲ್ಲೂಕಿನ ರೈತ: ಲೈನ್‌ಮನ್‌ಗಳ ಬಗ್ಗೆ ನಾನು ಒಂದಕ್ಷರವನ್ನೂ ಬರೆದಿಲ್ಲ. ಮೊದಲು ಪ್ರಶ್ನೆ ಓದಿ.

ವಕೀಲೆ: ಜಗಳ ಸಾಕು. ಬಿಲ್ಲಿನ ಪ್ರಶ್ನೆ ನ್ಯಾಯವಾದದ್ದೇ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ನಿರ್ಲಕ್ಷ್ಯದಿಂದಾದ ಖರ್ಚನ್ನು ಗ್ರಾಹಕರ ಮೇಲೆ ಹೇರಬೇಡಿ ಎಂದು ಅಲ್ಲಿನ ಸಾರ್ವಜನಿಕ ವಿಚಾರಣೆಯಲ್ಲಿ ಆಕ್ಷೇಪಣೆ ಸಲ್ಲಿಸಿ. ನಷ್ಟದ ನೆಪ ಹೊಣೆಯನ್ನು ಅಳಿಸುವುದಿಲ್ಲ. ಹೊಣೆ ಈಗಾಗಲೇ ಹುಟ್ಟಿದ್ದು, ಹಣ ಹೋಗುವ ಸಂಭವ ಹೆಚ್ಚಿದ್ದು, ಮೊತ್ತ ಅಂದಾಜಿಸಲು ಸಾಧ್ಯವಿದ್ದರೆ ಆ ವರ್ಷದ ಲೆಕ್ಕದಲ್ಲೇ ಹಣ ತೆಗೆದಿರಿಸಬೇಕೆಂದು 37ನೇ ಭಾರತೀಯ ಲೆಕ್ಕಪತ್ರ ಮಾನದಂಡ ಹೇಳುತ್ತದೆ. ನಿಮ್ಮ ದೂರು, ಪರೀಕ್ಷಾ ವರದಿ ಕಡತಕ್ಕೆ ಸೇರಿದ ಮೇಲೆ ಆ ಹೊಣೆಯನ್ನು ಲೆಕ್ಕಪರಿಶೋಧಕರಿಂದ ಮುಚ್ಚಿಡುವುದು ಕಷ್ಟ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕೆಜಿಎಫ್‌ನ ಸದಸ್ಯೆ: ಚಿನ್ನದ ಗಣಿಯ ತ್ಯಾಜ್ಯದಿಂದಾದ ನಮ್ಮ ಸಯನೈಡ್ ದಿಬ್ಬಗಳಿಗೂ ಇದು ಅನ್ವಯಿಸುತ್ತದೆಯೇ? ಗಣಿ ಮುಚ್ಚಿದ್ದು 2001ರಲ್ಲಿ. ಬೇಸಿಗೆ ಬಂದರೆ ಮನೆಯೊಳಗೆಲ್ಲ ಆ ದೂಳು.

ಪಾವಗಡದ ಸದಸ್ಯ: ಮೇಡಂ, ಗಂಗಾ ಕಲ್ಯಾಣ ಯೋಜನೆಗೆ ಅರ್ಜಿ ಎಲ್ಲಿ ಕೊಡಬೇಕು?

ಶಿರಾದ ಸದಸ್ಯ: ಅಂದಾಜಾದರೂ ಹೇಳಿ, ಎಕರೆಗೆ ಎಷ್ಟು?

ವಕೀಲೆ: ಮೇಲೆ ಬರೆದಿದ್ದೇನೆ. ಓದಿ.

ಗುಬ್ಬಿ ತಾಲ್ಲೂಕಿನ ರೈತ: ಮೇಡಂ, ಮಣ್ಣು ಕಪ್ಪಾಗಿದ್ದನ್ನು ಮೊದಲು ಕಂಡು ನಾಲ್ಕು ವರ್ಷ ದಾಟಿದೆ.

ವಕೀಲೆ: ಹಾಗಾದರೆ ನಾಳೆಯೇ ಪಹಣಿ, ಫೋಟೋ, ಅವರು ಕೊಟ್ಟ ಆ ಕಾಗದ ತೆಗೆದುಕೊಂಡು ಕಚೇರಿಗೆ ಬನ್ನಿ. ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಅರ್ಜಿ ಈ ತಿಂಗಳಲ್ಲೇ ಹೋಗಬೇಕು.