ಬಾಟ್ ಓಡ್ತಿದೆ, ಪ್ಲಗಿನ್‌ಗಳು ಮಾತ್ರ ಉತ್ತರ ಕೊಡ್ತಿಲ್ಲ. ಎರಡು ರಾತ್ರಿ ಹೋಯ್ತು

ಅಡಿಕೆತೋಟ:
ನಮ್ಮ ಓದುಗರ ಗುಂಪಿಗೆ ಪೈಥಾನ್-ಟೆಲಿಗ್ರಾಂ-ಬಾಟ್ ಲೈಬ್ರರಿಯಲ್ಲಿ ಟೆಲಿಗ್ರಾಂ ಬಾಟ್, ಅಂದರೆ ತಾನೇ ಉತ್ತರಿಸುವ ಪ್ರೋಗ್ರಾಂ, ಬರೆದಿದ್ದೇನೆ. ಒಂದೊಂದು ಕೆಲಸಕ್ಕೆ ಒಂದೊಂದು ಪ್ಲಗಿನ್ ಫೈಲ್. ಫೋಲ್ಡರಿಗೆ ಹಾಕಿದರೆ ಸಾಕು, ಪೈಥಾನಿನ ಇಂಪೋರ್ಟ್‌ಲಿಬ್ ಎತ್ತಿಕೊಳ್ಳುತ್ತೆ. ‘ಪದ ಮುಂಗಾರು’ ಅಂದರೆ ಅರ್ಥ, ‘ಗಾದೆ ಮಳೆ’ ಅಂದರೆ ಗಾದೆ. ಮೊನ್ನೆವರೆಗೂ ಚೆನ್ನಾಗಿತ್ತು. ಈಗ /ಸ್ಟಾರ್ಟ್‌ಗೆ ಮಾತ್ರ ಉತ್ತರ. ಲಾಗ್‌ನಲ್ಲಿ ಎರರ್ ಇಲ್ಲ. ಕೋಡ್ ಒಂದು ಸಾಲೂ ಮುಟ್ಟಿಲ್ಲ. ಭಾನುವಾರ ಎಲ್ಲರಿಗೂ ತೋರಿಸಬೇಕು, ದಯವಿಟ್ಟು ಸಹಾಯ ಮಾಡಿ.

ಕೋಡ್‌ಕಟ್ಟೆ:
ಪ್ರೈವಸಿ ಮೋಡ್. ಅದು ಆನ್ ಇದ್ದರೆ ಗುಂಪಿನ ಸಾದಾ ಮಾತು ಬಾಟ್‌ಗೆ ಕಾಣಲ್ಲ, ಸ್ಲ್ಯಾಶ್ ಕಮಾಂಡ್ ಕಾಣುತ್ತೆ. ನಿಮ್ಮ ಲಕ್ಷಣ ಅದೇ. ಬಾಟ್‌ಗಳ ಸೆಟ್ಟಿಂಗ್ ನೋಡಿಕೊಳ್ಳುವ ಟೆಲಿಗ್ರಾಂನ ಬಾಟ್‌ಫಾದರ್‌ನಲ್ಲಿ ಆಫ್ ಮಾಡಿ.

ಅಡಿಕೆತೋಟ:
ಮಾಡಿದೆ. ಆಗಲಿಲ್ಲ.

ಕೋಡ್‌ಕಟ್ಟೆ:
ಆಫ್ ಮಾಡಿದರೆ ಸಾಲದು. ಬಾಟನ್ನು ಗುಂಪಿನಿಂದ ತೆಗೆದು ಮತ್ತೆ ಸೇರಿಸಬೇಕು.

ಅಡಿಕೆತೋಟ:
ಎರಡು ಸಲ ಸೇರಿಸಿದೆ ಸರ್. ನಾನೊಬ್ಬನೇ ನೇರ ಚಾಟ್ ಮಾಡಿದರೂ ಹೀಗೇ.

ಕೋಡ್‌ಕಟ್ಟೆ:
ಇನ್ನೊಮ್ಮೆ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅದೇ ಇರುತ್ತೆ.

ಬಿಟ್‌ಬುತ್ತಿ:
ನೇರ ಚಾಟಿಗೂ ಪ್ರೈವಸಿ ಮೋಡಿಗೂ ಸಂಬಂಧ ಇಲ್ಲ, ಅದನ್ನ ಬಿಡಿ. ಮಾತು ಗುರುತಿಸುವ ಮಾದರಿಯಲ್ಲಿ, ಅಂದರೆ ರೆಜೆಕ್ಸ್‌ನಲ್ಲಿ, ಪದದ ಅಕ್ಷರಕ್ಕೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಹಾಕಿದ್ದೀರಾ? ಪೈಥಾನಿನ ಆರ್‌ಇ ಮಾಡ್ಯೂಲಿನಲ್ಲಿ ಅದು ಕನ್ನಡದ ಗುಣಿತ ಚಿಹ್ನೆಗಳನ್ನು ಹಿಡಿಯಲ್ಲ. ‘ಮುಂಗಾರು’ ಮೊದಲ ‘ಮ’ದಲ್ಲೇ ತುಂಡಾಗುತ್ತೆ. ರೆಜೆಕ್ಸ್ ಹೆಸರಿನ ಮಾಡ್ಯೂಲ್ ಬೇರೆ ಇದೆ, ಅದನ್ನು ಹಾಕಿ.

ಕೋಡ್‌ಕಟ್ಟೆ:
ಅಷ್ಟಕ್ಕೆ ಹೊಸ ಮಾಡ್ಯೂಲ್ ಯಾಕೆ? ಕನ್ನಡ ಅಕ್ಷರಗಳ ಯೂನಿಕೋಡ್ ವ್ಯಾಪ್ತಿ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಅಂತ ಬರೆದರೆ ಆಯ್ತಲ್ಲ.

ಬಿಟ್‌ಬುತ್ತಿ:
ಆಮೇಲೆ ತುಳು, ಕೊಂಕಣಿ, ದೇವನಾಗರಿ ಅಂತ ಒಂದೊಂದಕ್ಕೂ ವ್ಯಾಪ್ತಿ ಬರೀತಾ ಕೂರಬೇಕಾ?

ಕೋಡ್‌ಕಟ್ಟೆ:
ತುಳುವನ್ನೂ ಬಹಳ ಜನ ಕನ್ನಡ ಲಿಪಿಯಲ್ಲೇ ಬರೀತಾರೆ.

ಅಡಿಕೆತೋಟ:
ನಾನು ಹಾಕಿರೋದು ಬರೀ ಡಾಟ್ ಪ್ಲಸ್, ಅದು ಯಾವ ಅಕ್ಷರವಾದರೂ ಹಿಡಿಯುತ್ತೆ. ಲ್ಯಾಪ್‌ಟಾಪಿನಲ್ಲಿ ಈಗ ಓಡಿಸಿದರೂ ಸರಿಯಾಗಿದೆ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಹಾಕಿದ ಮೇಲೆಯೇ ಹೀಗೆ.

ಹುಬ್ಳಿ_ಪೈ:
ಪೈ ಅಂತ ಮೊದಲ ಹೇಳಬೇಕಿತ್ತಲ್ರೀ! ಲ್ಯಾಪ್‌ಟಾಪ್ ವಿಂಡೋಸ್ ಏನ್ರಿ? ಫೋಲ್ಡರ್ ಹೆಂಗ ಓದ್ತೀರಿ? ಫೈಲ್ ಹೆಸರು ಎಲ್ಲಾ ಹಾಕ್ರಿ.

ಅಡಿಕೆತೋಟ:
ವಿಂಡೋಸ್. ಫೋಲ್ಡರ್ ಓದೋದು ಓಎಸ್.ಲಿಸ್ಟ್‌ಡಿರ್‌ನಿಂದ. ಫೈಲ್‌ಗಳು ಗಾದೆ, ಪದ, ಝಡ್‌ಝಡ್_ಉಳಿದದ್ದು. ಯಾವ ಪ್ಲಗಿನ್‌ಗೂ ಸಿಗದ ಮಾತನ್ನು ಕೊನೆಯದು ಒಂದು ಕಡತಕ್ಕೆ ಬರೆದಿಡುತ್ತೆ. ಕೊನೆಗೆ ಬರಲಿ ಅಂತಲೇ ಝಡ್‌ಝಡ್.

ಹುಬ್ಳಿ_ಪೈ:
ಅಲ್ಲೇ ಐತಿ. ಲಿಸ್ಟ್‌ಡಿರ್ ಇಂಥಾ ಸಾಲಿನಾಗ ಕೊಡ್ತೈತಿ ಅಂತ ಖಾತ್ರಿ ಇಲ್ರಿ. ವಿಂಡೋಸ್‌ನಾಗ ಅಕ್ಷರದ ಸಾಲಿಗೆ ಬಂದಿತ್ತು, ಪೈದಾಗ ಝಡ್‌ಝಡ್ ಮುಂದ ನಿಂತೈತಿ. ಮೆಸೇಜ್ ನೋಡಿಕೊಳ್ಳೋ ಕೋಡಿಗೆ ಹ್ಯಾಂಡ್ಲರ್ ಅಂತಾರ್ರಿ, ಅವು ಗ್ರೂಪ್ ಗ್ರೂಪ್ ಆಗಿ ಇರ್ತಾವ. ಒಂದು ಗ್ರೂಪಿನಾಗ ಮೊದಲು ಹೊಂದಿದ ಹ್ಯಾಂಡ್ಲರ್ ಒಂದಕ್ಕ ಮೆಸೇಜ್ ಹೋಗ್ತೈತಿ, ಹಿಂದಿನವಕ್ಕ ಇಲ್ಲ. ಲಿಸ್ಟ್‌ಡಿರ್ ಸುತ್ತ ಅಕ್ಷರದ ಸಾಲಿಗೆ ಜೋಡಿಸೋ ಸಾರ್ಟೆಡ್ ಹಾಕಿ ನೋಡ್ರಿ.

ಕೋಡ್‌ಕಟ್ಟೆ:
ಹೆಸರಿನ ಮೇಲೆ ನಂಬಿಕೆ ಇಡೋದೇ ತಪ್ಪು. ಹ್ಯಾಂಡ್ಲರ್ ಸೇರಿಸುವ ಆಡ್_ಹ್ಯಾಂಡ್ಲರ್‌ನಲ್ಲಿ ‘ಉಳಿದದ್ದು’ ಪ್ಲಗಿನ್‌ಗೆ ಗ್ರೂಪ್ 10 ಕೊಡಿ, ಕೊನೆಗೇ ಬರುತ್ತೆ.

ಬಿಟ್‌ಬುತ್ತಿ:
ಕೊಟ್ಟರೆ ಉತ್ತರ ಸಿಕ್ಕ ಮಾತುಗಳೂ ಕಡತಕ್ಕೆ ಹೋಗ್ತವೆ. ಪ್ರತಿ ಗ್ರೂಪೂ ತನ್ನ ಪಾಲಿಗೆ ಮೆಸೇಜ್ ನೋಡುತ್ತೆ. ಅದು ಬೇಡ ಅಂದರೆ ಪದ, ಗಾದೆ ಎರಡೂ ಕೊನೆಗೆ ಅಪ್ಲಿಕೇಶನ್‌ಹ್ಯಾಂಡ್ಲರ್‌ಸ್ಟಾಪ್ ಎಸೆದು ಮುಂದಿನ ಗ್ರೂಪುಗಳನ್ನು ತಡೆಯಬೇಕು.

ಅಡಿಕೆತೋಟ:
ಸಾರ್ಟೆಡ್ ಹಾಕಿದೆ, ಸರಿಹೋಯ್ತು! ಪೈನಲ್ಲಿ ಆ ಕಡತ ತೆರೆದರೆ ಎರಡು ದಿನ ಗುಂಪಿನವರು ಕೇಳಿದ ಪದ, ಗಾದೆ ಎಲ್ಲಾ ಅಲ್ಲೇ ಕೂತಿವೆ. ಹುಬ್ಳಿಯವರಿಗೆ ತುಂಬಾ ಧನ್ಯವಾದ.

ಕೋಡ್‌ಕಟ್ಟೆ:
ಪ್ರೈವಸಿ ಮೋಡ್ ಮತ್ತೆ ಆನ್ ಮಾಡಬೇಡಿ. ಭಾನುವಾರ ಗುಂಪಿನಲ್ಲಿ ಅದು ಆಫ್ ಇರಲೇಬೇಕು.

ಹುಬ್ಳಿ_ಪೈ:
ನನ್ನ ಪೈ 4ರಾಗ ಮೂರು ಬಾಟ್ ಅದಾವ್ರಿ. ಎಸ್‌ಡಿ ಕಾರ್ಡ್ ಬಿಟ್ಟು ಎಸ್‌ಎಸ್‌ಡಿಗೆ ಹಾಕೀನಿ, ಕರೆಂಟ್ ಹೋದ್ರೂ ಇನ್ವರ್ಟರ್ ಮ್ಯಾಲ ನಡೀತಾವ. ನಿಮ್ಮದು ಯಾವ ಪೈ?